ಕಂಪ್ಯೂಟರ್ ಬದಲಿಸುವ ಮೊದಲು ಫೈಲುಗಳನ್ನು ನೋಡಿ

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅಂದಿನಿಂದ ಓದುಗರು ನನಗೆ ಬರೆಯುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಸುತ್ತಿ ಸುತ್ತಿ ಬರುತ್ತಿದೆ. ಕೃಷಿ ಸಹಕಾರ ಸಂಘದ ಕಾರ್ಯದರ್ಶಿಯೊಬ್ಬರು ಕೇಳುತ್ತಾರೆ, ಡಿಟಿಪಿ ಅಂಗಡಿ ನಡೆಸುವವರು ಕೇಳುತ್ತಾರೆ, ನಿವೃತ್ತರಾದ ಮೇಲೆ ಊರಿನ ಚರಿತ್ರೆ ಬರೆಯುತ್ತಿರುವ ಮೇಷ್ಟರು ಕೇಳುತ್ತಾರೆ: "ನಮ್ಮ ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ. ಈಗ ಹೊಸದು ತಗೋಬೇಕಾ, ಲಿನಕ್ಸ್ ಹಾಕಿಸಬೇಕಾ, ಹಾಗೇ ಬಿಟ್ಟರೆ ಏನಾಗುತ್ತೆ?"

ಹಾಗೇ ಬಿಟ್ಟರೆ ನಾಳೆ ಬೆಳಿಗ್ಗೆ ಏನೂ ಆಗುವುದಿಲ್ಲ. ಕಂಪ್ಯೂಟರ್ ಶುರುವಾಗುತ್ತದೆ, ಪ್ರಿಂಟ್ ಬರುತ್ತದೆ. ನಿಂತಿರುವುದು ಭದ್ರತೆಯ ತೇಪೆಗಳು ಮಾತ್ರ. ಹಾಗೇ ಬಿಟ್ಟ ಕಂಪ್ಯೂಟರಿನಲ್ಲಿ ಇನ್ನು ಮುಂದೆ ಪತ್ತೆಯಾಗುವ ಬಿರುಕುಗಳನ್ನು ಯಾರೂ ಮುಚ್ಚುವುದಿಲ್ಲ. ಇದು ಸಣ್ಣ ಮಾತೇನಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕೀಟ ಜಗತ್ತಿನ ತುಂಬ ಹರಡಿ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಬಿರುಕಿಗೆ ಮಾರ್ಚ್ ತಿಂಗಳಲ್ಲೇ ತೇಪೆ ಬಂದಿತ್ತು. ಹಾಕಿಕೊಳ್ಳದಿದ್ದವರು ಸಿಕ್ಕಿಬಿದ್ದರು. ಬೆಂಬಲ ಮುಗಿದು ಮೂರು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತುರ್ತಾಗಿ ಒಂದು ತೇಪೆ ಬಿಡುಗಡೆ ಮಾಡಿತು. ಪ್ರತಿ ಸಲವೂ ಅಂಥ ಉಪಕಾರ ಸಿಗುತ್ತದೆಂದು ನಂಬಿ ಕೂರಲಾಗದು.

ಈ ಪ್ರಶ್ನೆಗೆ ಸಿದ್ಧವಾಗಿ ಸಿಗುವ ಉತ್ತರಗಳು ಎರಡು. ಅಂಗಡಿಯವರು ಹೊಸ ಕಂಪ್ಯೂಟರ್ ಕೊಳ್ಳಿ ಅನ್ನುತ್ತಾರೆ. ತಂತ್ರಜ್ಞಾನದಲ್ಲಿ ಆಸಕ್ತಿಯುಳ್ಳ ಹುಡುಗರು ಎಲ್ಲವನ್ನೂ ಅಳಿಸಿ ಲಿನಕ್ಸ್ ಹಾಕಿ ಅನ್ನುತ್ತಾರೆ. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದನ್ನು ಇಬ್ಬರೂ ಕೇಳುವುದಿಲ್ಲ: ನಿಮ್ಮ ಕಂಪ್ಯೂಟರಿನೊಳಗೆ ಇರುವುದೇನು, ಅದನ್ನು ಯಾವ ತಂತ್ರಾಂಶದಲ್ಲಿ ಬರೆದಿಟ್ಟಿದ್ದೀರಿ? ಆಪರೇಟಿಂಗ್ ಸಿಸ್ಟಮ್ ಬದಲಿಸಲು ಒಂದು ಮಧ್ಯಾಹ್ನ ಸಾಕು. ಅದರ ಮೇಲೆ ಇಪ್ಪತ್ತು ವರ್ಷ ಬರೆದಿಟ್ಟದ್ದು ಹೊಸ ಜಾಗದಲ್ಲಿ ತೆರೆಯದೆ ಹೋದರೆ ಆ ನಷ್ಟವನ್ನು ಯಾವ ಅಂಗಡಿಯೂ ತುಂಬಿಕೊಡುವುದಿಲ್ಲ. ಕನ್ನಡದಲ್ಲಿ ಬರೆಯುವವರಿಗಂತೂ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಅದಕ್ಕೆ ಕಾರಣವಿದೆ.

ಸಹಕಾರ ಸಂಘದ ಕಾರ್ಯದರ್ಶಿಯವರ ವಿಷಯ ಸುಲಭ, ಅದನ್ನು ಮುಗಿಸಿಬಿಡುತ್ತೇನೆ. ಅವರ ಸಾಲದ ಲೆಕ್ಕ ಇರುವುದು ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ. ಇಂಥ ಹಳೆಯ ತಂತ್ರಾಂಶ ಇಟ್ಟುಕೊಂಡಿರುವುದಕ್ಕೆ ಅವರು ಪತ್ರದಲ್ಲಿ ಸಂಕೋಚಪಟ್ಟಿದ್ದಾರೆ. ಸಂಕೋಚದ ಅಗತ್ಯವೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದ ರೈಲು ನಿಯಂತ್ರಣ ವ್ಯವಸ್ಥೆ 1998ರಿಂದ ಇತ್ತೀಚಿನ ತನಕ ಫ್ಲಾಪಿ ಡಿಸ್ಕಿನ ಮೇಲೆ ನಡೆದಿದೆ. ಕೆಲಸ ಮಾಡುತ್ತಿರುವುದನ್ನು ಬಿಡದಿರುವುದು ಜಾಣತನವೇ. ಅವರು ತಿಳಿದಿರಬೇಕಾದ್ದು ಒಂದೇ: ಡಾಸ್ ಕಾಲದ ಆ 16 ಬಿಟ್ಟಿನ ಪ್ರೋಗ್ರಾಮುಗಳು 64 ಬಿಟ್ಟಿನ ವಿಂಡೋಸಿನಲ್ಲಿ ನೇರವಾಗಿ ಓಡುವುದಿಲ್ಲ, ವಿಂಡೋಸ್ 11 ಬರುವುದು 64 ಬಿಟ್ಟಿನಲ್ಲಿ ಮಾತ್ರ. ಆದರೆ ಫಾಕ್ಸ್‌ಪ್ರೊ ಮಾಹಿತಿಯನ್ನು ಇಡುವುದು ಡಿಬಿಎಫ್ ಫೈಲುಗಳಲ್ಲಿ. ಅವು ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನಲ್ಲಿ ಇಂದಿಗೂ ತೆರೆಯುತ್ತವೆ. ಮೊದಲು ಆ ಫೈಲುಗಳ ಎರಡು ಪ್ರತಿ ಮಾಡಿಕೊಳ್ಳಿ, ಮಿಕ್ಕಿದ್ದು ಆಮೇಲೆ.

ಕಷ್ಟ ಇರುವುದು ಮೇಷ್ಟರ ಫೈಲುಗಳಲ್ಲಿ. ಕೆಲವು 'ನುಡಿ' ತಂತ್ರಾಂಶದಲ್ಲಿವೆ, ಕೆಲವು 'ಬರಹ'ದಲ್ಲಿ, ಮುದ್ರಣಕ್ಕೆ ಹೋದವು ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರಿನಲ್ಲಿ ಶ್ರೀಲಿಪಿ ಫಾಂಟಿನಲ್ಲಿವೆ. ಕರ್ನಾಟಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆದ ಒಂದು ಇಡೀ ತಲೆಮಾರಿನ ಕಥೆ ಇದೇ.

ಆ ತಲೆಮಾರಿನ ಬಗ್ಗೆ ನನಗೆ ತುಂಬ ಗೌರವವಿದೆ. ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವವರು, ಕನ್ನಡದ ವರ್ಣಮಾಲೆ ಇಂಗ್ಲಿಷ್ ಕೀಲಿಮಣೆಯ ಮೇಲೆ ಕೂರುವಂಥ ವಿನ್ಯಾಸವನ್ನು ಯೋಚಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ಸೇಡಿಯಾಪು ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಆ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿಯ ತಳಹದಿಯಾಯಿತು. 1998ರಲ್ಲಿ ಶೇಷಾದ್ರಿವಾಸು ಬರಹವನ್ನು ಕೊಟ್ಟರು. ಹೊರದೇಶದಲ್ಲಿದ್ದ ಕನ್ನಡಿಗರು ಅದರಿಂದಲೇ ಮನೆಗೆ ಕನ್ನಡದಲ್ಲಿ ಮಿಂಚಂಚೆ ಬರೆಯತೊಡಗಿದರು. ವಿಂಡೋಸಿಗೆ ಆಗ ಕನ್ನಡವೇ ಗೊತ್ತಿರಲಿಲ್ಲ. ಮೈಕ್ರೋಸಾಫ್ಟಿನ ತುಂಗಾ ಫಾಂಟಿನೊಂದಿಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ಅದನ್ನೂ ಸೆಟ್ಟಿಂಗಿನೊಳಗೆ ಹುಡುಕಿ ಸೇರಿಸಿಕೊಳ್ಳಬೇಕಿತ್ತು. ಆದ್ದರಿಂದ ಈ ಹಿರಿಯರು ಇದ್ದ ಅನುಕೂಲದಲ್ಲೇ ದಾರಿ ಮಾಡಿಕೊಂಡರು. ಆ ದಾರಿ ಹೇಗಿತ್ತೆಂದು ತಿಳಿದರೆ ಇವತ್ತಿನ ತೊಡಕು ಅರ್ಥವಾಗುತ್ತದೆ.

ಹಳೆಯ ಫಾಂಟೊಂದರಲ್ಲಿ ಒಟ್ಟು ಇದ್ದದ್ದು 256 ಮನೆಗಳು. ಅದರಲ್ಲಿ ಕೆಲವು ಕಂಪ್ಯೂಟರಿಗೇ ಮೀಸಲು. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಅಷ್ಟು ಮನೆಗಳಲ್ಲಿ ಹಿಡಿಸುವ ಮಾತೇ ಇಲ್ಲ. ಹಾಗಾಗಿ ಅಕ್ಷರಗಳನ್ನು ಆಕಾರದ ತುಂಡುಗಳಾಗಿ ಒಡೆದು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ನುಡಿಯಲ್ಲಿ ತಲೆಕಟ್ಟಿಲ್ಲದ 'ಕ' ಕೂತಿರುವುದು ದೊಡ್ಡ ಪಿ ಅಕ್ಷರದ ಮನೆಯಲ್ಲಿ. ತಲೆಕಟ್ಟಿಗೆ ಬೇರೆ ಮನೆ. 'ನ'ಕಾರದ ದೇಹ ಇರುವುದು ಬ್ರಿಟಿಷ್ ಪೌಂಡಿನ ಚಿಹ್ನೆಯ ಮನೆಯಲ್ಲಿ. ನುಡಿ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅಂಥ ಫೈಲನ್ನು ತೆರೆದಾಗ ಎಲ್ಲೆಲ್ಲೂ ಪೌಂಡಿನ ಗುರುತು ಕಾಣುವುದು ಅದಕ್ಕೇ. 'ಕನ್ನಡ' ಎಂಬ ಪದವನ್ನು ಈ ಕ್ರಮದಲ್ಲಿ ಉಳಿಸಲು ಏಳು ತುಂಡು ಬೇಕು. ಈಗ ಬಳಕೆಯಲ್ಲಿರುವ ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಐದು ಸಂಕೇತ ಸಾಕು: ಕ, ನ, ಹಲಂತ, ನ, ಡ. ಯೂನಿಕೋಡ್ ಅಕ್ಷರವನ್ನು ಅಕ್ಷರವಾಗಿಯೇ ಇಡುತ್ತದೆ, ಅದು ಪರದೆಯ ಮೇಲೆ ಹೇಗೆ ಕಾಣಬೇಕೆಂಬುದನ್ನು ಫಾಂಟಿಗೆ ಬಿಡುತ್ತದೆ. ಹಳೆಯ ಕ್ರಮದಲ್ಲಿ ಉಳಿಯುವುದು ಆಕಾರ ಮಾತ್ರ. ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ ಅಲ್ಲ, ಅರ್ಥವಿಲ್ಲದ ಇಂಗ್ಲಿಷು.

ಪರಿಣಾಮಗಳು ದಿನನಿತ್ಯದ ಕೆಲಸದಲ್ಲೇ ಕಾಣುತ್ತವೆ. ನುಡಿಯಲ್ಲಿ 'ಮ' ಎಂದರೆ 'ವ'ಕಾರದ ದೇಹ, ತಲೆಕಟ್ಟು, ಅದರ ಪಕ್ಕಕ್ಕೊಂದು ಕೊಂಬು. 'ವ' ಹುಡುಕಿದರೆ 'ಮ' ಇರುವ ಪದಗಳೂ ಎದ್ದು ಬರುತ್ತವೆ. 'ಅರ್ಥ' ಎಂಬ ಪದದಲ್ಲಿ 'ಥ'ಕ್ಕಿಂತ ಮೊದಲು ಉಚ್ಚರಿಸುವ 'ರ್' ಕೊನೆಯಲ್ಲಿ ಅರ್ಕಾವೊತ್ತಾಗಿ ಕೂತಿರುತ್ತದೆ. ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಅಂದರೆ ಇಂಗ್ಲಿಷ್ ಮನೆಗಳ ಕ್ರಮದಲ್ಲಿ ಜೋಡಿಸಿಕೊಡುತ್ತದೆ, 'ಕ' ಒಂದು ಕಡೆ 'ನ' ಇನ್ನೊಂದು ಕಡೆ ಚೆದುರುತ್ತವೆ. ವಾಟ್ಸ್ಯಾಪಿಗೆ ಅಂಟಿಸಿದರೆ ಕಸ. ಗೂಗಲ್ಲಿಗೆ ಸಿಗುವುದಿಲ್ಲ. ನನ್ನನ್ನು ಎಲ್ಲಕ್ಕಿಂತ ಕಾಡುವುದು ಬೇರೆ ಸಂಗತಿ. ಕಣ್ಣು ಕಾಣದವರು ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶದ ಮೂಲಕ ಕನ್ನಡ ಓದುತ್ತಾರೆ, ಪುಸ್ತಕ ಯೂನಿಕೋಡಿನಲ್ಲಿದ್ದರೆ ಅದು ಸರಾಗವಾಗಿ ಓದಿಹೇಳುತ್ತದೆ. ಅದೇ ಪುಸ್ತಕ ಹಳೆಯ ಫಾಂಟಿನಲ್ಲಿದ್ದರೆ ಅವರಿಗೆ ಕೇಳಿಸುವುದು ಪಿ, ಪೌಂಡ್, ಕ್ಯೂ ಎಂಬ ಗೊಣಗು. ನಮ್ಮ ಎಷ್ಟೋ ಪಿಡಿಎಫ್ ಪುಸ್ತಕಗಳು ಹೊರಗೆ ಕನ್ನಡ, ಒಳಗೆ ಈ ಗೊಣಗು.

ಕೆಲವು ವರ್ಷಗಳ ಹಿಂದೆ ಜನಪದ ಹಾಡುಗಳನ್ನು ಸಂಗ್ರಹಿಸುವ ಹಿರಿಯರೊಬ್ಬರ ಜೊತೆ ಕೂತು ಅವರ ಫೈಲುಗಳನ್ನು ಯೂನಿಕೋಡಿಗೆ ತಂದೆವು. ಹಳ್ಳಿಗಳಲ್ಲಿ ಹೆಂಗಸರಿಂದ ಕೇಳಿ ಬರೆದುಕೊಂಡ ಹಾಡುಗಳು. ಹಾಡಿಗೊಂದು ಫೈಲು, ಹಾಡಿದವರ ಹೆಸರು, ಊರು, ಸಂದರ್ಭ ಎಲ್ಲ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಅಷ್ಟಿದ್ದರೂ ಬೇಕಾದ ಹಾಡು ಎಲ್ಲಿದೆ ಎಂದು ಹುಡುಕಲು ಅವರು ನೆಚ್ಚಿಕೊಂಡದ್ದು ತಮ್ಮ ನೆನಪನ್ನು ಮತ್ತು ಒಂದು ನೋಟ್‌ಬುಕ್ಕನ್ನು. ಪರಿವರ್ತನೆ ಮುಗಿದ ಮೇಲೆ 'ಸೋಬಾನೆ' ಎಂದು ಹುಡುಕಿ ಅಂದೆ. ಎಲ್ಲ ಫೋಲ್ಡರುಗಳಿಂದ ಸಾಲುಸಾಲಾಗಿ ಹಾಡುಗಳು ಬಂದವು. ಅವರು ಮರೆತೇಬಿಟ್ಟಿದ್ದ ಹಾಡುಗಾರ್ತಿಯರ ಹೆಸರುಗಳೂ ಬಂದವು. "ಇವರೆಲ್ಲ ನನ್ನ ಹತ್ರಾನೇ ಇದ್ರಲ್ಲಪ್ಪಾ" ಅಂದರು. ಆಪರೇಟಿಂಗ್ ಸಿಸ್ಟಮ್ ಯಾವುದು ಮೇಲು ಎಂಬ ವಾದದಲ್ಲಿ ನನಗೆ ಆಸಕ್ತಿ ಕಡಿಮೆಯಾದದ್ದು ಅಲ್ಲಿಂದೀಚೆಗೆ.

ಪರಿವರ್ತನೆಗೆ ಸಾಧನಗಳಿವೆ, ಬಹುಪಾಲು ಉಚಿತ. ನುಡಿಯ ಈಚಿನ ಆವೃತ್ತಿಗಳಲ್ಲಿ ಒಂದಿದೆ, ಬರಹದಲ್ಲೂ ಇದೆ. ಅರವಿಂದ ವಿ.ಕೆ. ಬರೆದು ಮುಕ್ತವಾಗಿ ಬಿಟ್ಟಿರುವ ಪರಿವರ್ತಕ 'ಸಂಚಯ' ಎಂಬ ಜಾಲತಾಣದಲ್ಲಿ ಸಿಗುತ್ತದೆ. ನುಡಿ ಮತ್ತು ಬರಹದ ಹಳೆಯ ಫಾಂಟುಗಳು ಒಂದೇ ಮಾನದಂಡವನ್ನು ಅನುಸರಿಸಿರುವುದರಿಂದ ಒಂದೇ ಪರಿವರ್ತಕ ಎರಡಕ್ಕೂ ನಡೆಯುತ್ತದೆ. ಅಷ್ಟರಮಟ್ಟಿಗೆ ನಮ್ಮ ಹಿರಿಯರು ದೂರದೃಷ್ಟಿ ತೋರಿದ್ದರು. ಶ್ರೀಲಿಪಿ, ಆಕೃತಿ, ಪ್ರಕಾಶಕಗಳಿಗೆ ಅವವೇ ಸಂಕೇತಗಳು, ಅವುಗಳಿಗೆ ತಕ್ಕ ಪರಿವರ್ತಕವನ್ನೇ ಹುಡುಕಿಕೊಳ್ಳಬೇಕು.

ಯಾವ ಪರಿವರ್ತಕವೂ ನೂರಕ್ಕೆ ನೂರು ಸರಿಯಾಗಿ ಮಾಡಿಕೊಡುವುದಿಲ್ಲ. ಎಲ್ಲಿ ನೋಡಬೇಕು ಅಂದರೆ, ಮೊದಲು ಇಂಗ್ಲಿಷ್ ಪದಗಳು. ಹಳೆಯ ಫೈಲಿನಲ್ಲಿ ಕನ್ನಡ ಯಾವುದು ಇಂಗ್ಲಿಷ್ ಯಾವುದು ಎಂದು ಹೇಳುವುದು ಫಾಂಟಿನ ಹೆಸರೊಂದೇ. ಬರೀ ಪಠ್ಯವನ್ನು ನಕಲಿಸಿ ಪರಿವರ್ತಕಕ್ಕೆ ಹಾಕಿದರೆ ಫಾಂಟಿನ ಹೆಸರು ಕಳಚಿಹೋಗಿ, ನಿಮ್ಮ ಇಂಗ್ಲಿಷ್ ಪದಗಳೂ ವಿಳಾಸಗಳೂ ವಿಚಿತ್ರ ಕನ್ನಡವಾಗುತ್ತವೆ. ಆಮೇಲೆ ಅರ್ಕಾವೊತ್ತು, ಎರಡೆರಡು ಒತ್ತಿರುವ ರಾಷ್ಟ್ರ, ಸ್ತ್ರೀ ಮುಂತಾದ ಪದಗಳು. ಇನ್ನೊಂದು, ಬಹಳ ಜನ ಗಮನಿಸದ್ದು: ಪದದ ನಡುವೆ ಬರುವ ಅರ್ಧಾಕ್ಷರ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆದದ್ದು ಪರಿವರ್ತನೆಯಲ್ಲಿ 'ರಾಜ್ಕುಮಾರ್' ಆಗಿಬಿಡಬಹುದು, 'ಸಾಫ್ಟ್‌ವೇರ್' ಇದ್ದದ್ದು 'ಸಾಫ್ಟ್ವೇರ್' ಆಗಬಹುದು. ಯೂನಿಕೋಡಿನಲ್ಲಿ ಅಂಥ ಕಡೆ ಕಣ್ಣಿಗೆ ಕಾಣದ ಒಂದು ವಿಭಜಕ ಸಂಕೇತ ಬೇಕು, ಅದು ಬಿಟ್ಟುಹೋದರೆ ಒತ್ತು ಕೆಳಗೆ ಇಳಿಯುತ್ತದೆ. ಪುಸ್ತಕವೊಂದನ್ನು ಪರಿವರ್ತಿಸಿದ ಮೇಲೆ ಇವಿಷ್ಟಕ್ಕೆ ಕರಡು ತಿದ್ದಿದರೆ ದೊಡ್ಡ ತಪ್ಪುಗಳೆಲ್ಲ ಸಿಕ್ಕಿಬಿಡುತ್ತವೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಹಳೆಯ ಫಾಂಟುಗಳನ್ನೂ ಅದರ ಜೊತೆಗೇ ಇಟ್ಟುಕೊಳ್ಳಿ.

ಡಿಟಿಪಿ ಅಂಗಡಿಯವರು ಇದನ್ನೆಲ್ಲ ಅರಿಯದೆ ಪೇಜ್‌ಮೇಕರಿಗೆ ಅಂಟಿಕೊಂಡಿದ್ದಾರೆಂದು ತಿಳಿಯಬೇಡಿ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಆದರೂ ಅದು ಸಣ್ಣ ಕಂಪ್ಯೂಟರಿನಲ್ಲೂ ಚುರುಕಾಗಿ ಓಡುತ್ತದೆ, ಆಪರೇಟರುಗಳ ಬೆರಳಿಗೆ ಅದು ಒಗ್ಗಿದೆ. ಅದರ ಉತ್ತರಾಧಿಕಾರಿ ಇನ್‌ಡಿಸೈನಿಗೆ ಚಂದಾ ಕಟ್ಟುತ್ತಲೇ ಇರಬೇಕು. ಮದುವೆ ಕರೆಯೋಲೆ, ಶ್ರದ್ಧಾಂಜಲಿ ಕಾರ್ಡು, ಸಂಘದ ವಾರ್ಷಿಕ ವರದಿ ಮಾಡಿ ಬದುಕುವ ಅಂಗಡಿಗೆ ಅದು ಹೊರೆಯೇ. ಹಿಂದೆ ಯೂನಿಕೋಡಿನಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ ಎಂಬ ದೂರೂ ನಿಜವಿತ್ತು. ಈಗ ಆ ದೂರಿಗೆ ಆಧಾರ ಉಳಿದಿಲ್ಲ. ಇನ್‌ಡಿಸೈನ್ 2012ರ ಆವೃತ್ತಿಯಿಂದಲೇ ಭಾರತೀಯ ಲಿಪಿಗಳನ್ನು ಜೋಡಿಸುತ್ತದೆ. ಉಚಿತವಾಗಿ ಸಿಗುವ ಸ್ಕ್ರೈಬಸ್‌ನ 1.6 ಆವೃತ್ತಿ 2024ರ ಜನವರಿಯಲ್ಲಿ ಬಂತು, ಅದರಲ್ಲೂ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಫಾಂಟುಗಳ ಬರವೂ ಇಲ್ಲ: ಲೋಹಿತ್, ನೋಟೊ, ಬಾಲೂ ತಮ್ಮ, ಬೆಣ್ಣೆ, ತಿರೊ, ಗುಬ್ಬಿ, ನವಿಲು. ಆಪರೇಟರುಗಳ ಕಲಿಕೆಗೆ ಒಂದಿಷ್ಟು ದಿನ ಬೇಕು, ಆ ದಿನಗಳ ಕೂಲಿಯನ್ನು ಯಾರು ಭರಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ಸರ್ಕಾರದ ಪ್ರಾಧಿಕಾರ, ಅಕಾಡೆಮಿಗಳು ಪುಸ್ತಕ ಅಚ್ಚು ಮಾಡಿಸುವಾಗ ಯೂನಿಕೋಡಿನ ಮೂಲಪ್ರತಿಯನ್ನು ಕಡ್ಡಾಯವಾಗಿ ಕೇಳಿ, ಆ ಕೆಲಸಕ್ಕೆ ಪುಟಕ್ಕಿಷ್ಟು ಎಂದು ಹೆಚ್ಚು ದರ ಕೊಡಬೇಕು. ಕಲಿಕೆ ತಾನಾಗಿ ಆಗುತ್ತದೆ.

ಇನ್ನು ಮೊದಲಿನ ಪ್ರಶ್ನೆ, ಕಂಪ್ಯೂಟರಿಗೆ ಏನು ಮಾಡುವುದು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರು ಅಥವಾ ಅದಕ್ಕೂ ಈಚಿನ ಪ್ರೊಸೆಸರ್. ಹಾಗಾಗಿ ಗಟ್ಟಿಮುಟ್ಟಾದ ಎಷ್ಟೋ ಕಂಪ್ಯೂಟರುಗಳು ಬರೀ ಈ ಅಳತೆಗೆ ಸಿಗದೆ ಮೂಲೆ ಸೇರುತ್ತಿವೆ. ಇದು ನನಗೆ ಒಪ್ಪಿಗೆಯಿಲ್ಲದ ನೀತಿ. ಓಡುವ ಯಂತ್ರವನ್ನು ಇ-ಕಸ ಮಾಡುವುದಕ್ಕೆ ಭದ್ರತೆಯ ಹೆಸರು ಸಾಲದು. ಅಂಥ ಯಂತ್ರ ಇರುವವರು ಅವಸರ ಪಡಬೇಕಿಲ್ಲ. ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳನ್ನು ಕೊಡುವ ವಿಸ್ತರಣೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ಸೆಟ್ಟಿಂಗುಗಳ ಬ್ಯಾಕಪ್ ಇಟ್ಟರೆ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಸಂಸ್ಥೆಗಳಿಗೆ ಮಾತ್ರ ದುಬಾರಿ: ಮೊದಲ ವರ್ಷ ಕಂಪ್ಯೂಟರೊಂದಕ್ಕೆ 61 ಡಾಲರ್, ಮುಂದಿನ ವರ್ಷ ಅದರ ದುಪ್ಪಟ್ಟು.

ಲಿನಕ್ಸ್ ಒಳ್ಳೆಯ ದಾರಿ. ನಾನು ಅದರಲ್ಲೇ ಬರೆಯುತ್ತೇನೆ. ಕನ್ನಡದವರಿಗೆ ಅಲ್ಲೊಂದು ಸಂತೋಷ ಕಾದಿದೆ: ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡ ಹುಡುಕಿದರೆ 'ಕಗಪ' ಎಂಬ ಆಯ್ಕೆ ಇರುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳು, ನುಡಿಯಲ್ಲಿ ಪಳಗಿದ ಬೆರಳು ಹೊಸದಾಗಿ ಕಲಿಯಬೇಕಾದ್ದು ಅಲ್ಲಿ ತೀರ ಕಡಿಮೆ. ಯಾರೋ ಕೆಲವರು ಸಂಬಳವಿಲ್ಲದೆ ಕೂತು ಅದನ್ನು ಸೇರಿಸಿದ್ದಾರೆ. ಕನ್ನಡ ಅಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವೂ ಮುಕ್ತವಾದದ್ದೇ. ಫೈರ್‌ಫಾಕ್ಸ್, ಕ್ರೋಮ್, ನಿಮ್ಮ ಆಂಡ್ರಾಯ್ಡ್ ಫೋನು ಎಲ್ಲವೂ ಅದನ್ನೇ ಬಳಸುತ್ತವೆ. ಈ ಮಂದಿಯ ಹೆಸರು ನಮಗೆ ತಿಳಿಯುವುದು ಅಪರೂಪ. ಯಾವ ಆಪರೇಟಿಂಗ್ ಸಿಸ್ಟಮ್ ಶ್ರೇಷ್ಠ ಎಂದು ಜೋರಾಗಿ ಜಗಳವಾಡುವವರಿಗಿಂತ ಇಂಥವರಿಂದಲೇ ಕನ್ನಡಕ್ಕೆ ಹೆಚ್ಚು ಒಳ್ಳೆಯದಾಗಿದೆ. ಹೊಸಬರೊಬ್ಬರು ಸಲಹೆ ಕೇಳಿದಾಗ ಅಳಿಸಿ ಹಾಕಿ ಎನ್ನುವ ಮೊದಲು ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ, ಲಿನಕ್ಸಿಗೆ ಬಂದವರು ಅಲ್ಲೇ ಉಳಿಯುತ್ತಾರೆ. ಟ್ಯಾಲಿ ಬಳಸುವವರಿಗೆ ಅದು ವಿಂಡೋಸಿಗೆಂದೇ ಇರುವ ತಂತ್ರಾಂಶ ಎಂಬುದು ಮೊದಲೇ ಗೊತ್ತಾಗಬೇಕು. ಡಿಜಿಟಲ್ ಸಹಿಯ ಡಾಂಗಲ್, ಹಳೆಯ ಪ್ರಿಂಟರ್ ಇರುವವರು ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ಅವು ನಡೆಯುತ್ತವೆಯೇ ಎಂದು ನೋಡಬೇಕು. ಹಾಗೆ ನೋಡುವಾಗ ಡಿಸ್ಕಿನಲ್ಲಿರುವುದೇನೂ ಅಳಿಯುವುದಿಲ್ಲ.

ಮೇಷ್ಟರಿಗೂ ಅವರಂಥ ಎಲ್ಲರಿಗೂ ನನ್ನ ವಿನಂತಿ ಇಷ್ಟು. ಕಂಪ್ಯೂಟರಿನ ವಿಷಯ ಆಮೇಲೆ ತೀರ್ಮಾನಿಸಿ. ಈ ಭಾನುವಾರ ನಿಮ್ಮ ಬರಹಗಳ ಫೋಲ್ಡರನ್ನು ಪೂರ್ತಿಯಾಗಿ ಒಂದು ಹೊರ ಡಿಸ್ಕಿಗೆ ನಕಲಿಸಿ, ಅದರಲ್ಲಿ ನಿಮಗೆ ಎಲ್ಲಕ್ಕಿಂತ ಬೇಕಾದ ಒಂದು ಲೇಖನವನ್ನು ಆರಿಸಿ ಯೂನಿಕೋಡಿಗೆ ತನ್ನಿ, ಕರಡು ತಿದ್ದಿ, ಮಕ್ಕಳ ಫೋನಿಗೆ ಕಳಿಸಿ ಓದಲು ಬರುತ್ತದೆಯೇ ಕೇಳಿ. ಪ್ರೆಸ್ಸಿನಲ್ಲಿ ನಿಮ್ಮ ಪುಸ್ತಕದ ಪೇಜ್‌ಮೇಕರ್ ಫೈಲು ಇದ್ದರೆ ಫಾಂಟಿನ ಸಮೇತ ಇವತ್ತೇ ಕೇಳಿ ತೆಗೆದುಕೊಳ್ಳಿ. ಆ ಫೈಲನ್ನು ತೆರೆಯಬಲ್ಲ ಕಂಪ್ಯೂಟರು, ತೆರೆಯಲು ಗೊತ್ತಿರುವ ಆಪರೇಟರು, ಇಬ್ಬರೂ ಇನ್ನೂ ಅಂಗಡಿಯಲ್ಲಿದ್ದಾರೆ.